ಹರಡದ ಬೆಳಕು

ಫೆಬ್ರವರಿ 9

ಪ್ರೀತಿಯ ಬಾತು,

ಟಾರ್ಚಿನ ವಿಷಯವಷ್ಟೇ ಬರೆದು ಕವರು ಅಂಟಿಸಿಬಿಡಬೇಕೆಂದಿದ್ದೆ. ಅಂಟಿಸಿಯೂ ಆಗಿತ್ತು. ಮತ್ತೆ ಬಿಚ್ಚಿ ಮೊದಲಿನಿಂದ ಬರೆಯುತ್ತಿದ್ದೇನೆ. ಹೋದ ತಿಂಗಳು ನೀವೆಲ್ಲ ಬಂದಿದ್ದಾಗ ನೀನು ಅಡುಗೆಮನೆ ಬಾಗಿಲ ಪಕ್ಕದ ಸ್ಟೂಲನ್ನು ಎಡವಿದೆ. ಎಲ್ಲರೂ ನಕ್ಕೆವು. ನಾನು ಅದನ್ನು ಎತ್ತಿ ನಿಲ್ಲಿಸಿದೆ. ಹೊರಡುವಾಗ ನೀನು ಮತ್ತೆ ಅದನ್ನೇ ಎಡವಿದೆ. ಆಗ ನೋಡಿದವಳು ನಾನೊಬ್ಬಳೇ. ನೀನು ನೆಟ್ಟಗೆ ಮುಂದೆ ನೋಡುತ್ತಿದ್ದೆ. ಸ್ಟೂಲು ಅಲ್ಲಿದೆ ಎನ್ನುವುದೇ ನಿನಗೆ ಗೊತ್ತಿದ್ದಂತೆ ಕಾಣಲಿಲ್ಲ. ಅಪ್ಪನೂ ಹೀಗೇ ಎಡವುತ್ತಿದ್ದರು. ನನಗೆ ಗೊತ್ತಿರುವುದು ಇಷ್ಟೇ. ಇದನ್ನು ಹೇಳುವುದು ಸರಿಯೋ, ಸುಮ್ಮನೆ ನಿನ್ನ ತಲೆಯೊಳಗೆ ಹುಳ ಬಿಡುತ್ತಿದ್ದೇನೋ ತಿಳಿಯದು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡು ಸಲ ಹೂಂ ಎಂದು ಅದನ್ನು ನಿನ್ನ ಹೆಂಡತಿಯ ಕೈಗೆ ದಾಟಿಸಿಬಿಡುತ್ತೀಯ. ಕಾಗದವಾದರೆ ಕೊನೆಯವರೆಗೂ ಓದುತ್ತೀಯ.

ಇನ್ನು ಟಾರ್ಚು. ಪಾರ್ಸೆಲ್ ತಲುಪಿತು. ವಿದೇಶದಿಂದ ತರಿಸಿದ ಎಲ್‌ಇಡಿ ಟಾರ್ಚು, ನೀರೊಳಗೆ ಮುಳುಗುವವರಿಗೆಂದೇ ಮಾಡಿದ್ದು, ಬಂದರಿನ ಅಂಗಡಿಯ ಬೆಲೆಯ ಕಾಲುಭಾಗ. "ಒಂದು ತರಿಸಿ ನೋಡಿದ್ದೀನಿ, ನನಗ್ಯಾಕೋ ಸರಿ ಅನ್ನಿಸ್ಲಿಲ್ಲ. ನೀನು ಹೂಂ ಅಂದ್ರೆ ನಮ್ಮ ಗ್ಯಾಂಗೆಲ್ಲ ತರಿಸ್ತೀವಿ" ಎಂದು ಚೀಟಿ ಇಟ್ಟಿದ್ದೀಯ. ದಿನವಿಡೀ ಬಲ್ಬುಗಳ ಬೆಳಕು ಅಳೆಯುವ ಲ್ಯಾಬಿನಲ್ಲಿ ಕೆಲಸ ಮಾಡುವವಳಿಗೆ ಈ ತೀರ್ಪು ಒಪ್ಪಿಸಿದ್ದು ನ್ಯಾಯವೇ.

ಪೆಟ್ಟಿಗೆಯನ್ನು ಕೇಳಿದರೆ ತೀರ್ಪು ಸುಲಭ. ಹತ್ತು ಸಾವಿರ ಲ್ಯೂಮೆನ್ ಎಂದು ಬರೆದಿದೆ. ಈ ಗಾತ್ರದ ಟಾರ್ಚು ಅಷ್ಟು ಬೆಳಕು ಕೊಟ್ಟರೆ ಅದರ ಮೇಲೆ ಚಹಾ ಕಾಯಿಸಬಹುದು. ತಯಾರಿಸಿದವರ ವಿಳಾಸವಿಲ್ಲ. "ಸಮುದ್ರದಲ್ಲಿ ಸಂತೋಷದಿಂದ ಮುಳುಗಿ ಹೋಗಿರಿ" ಎನ್ನುವ ಅರ್ಥದ ಇಂಗ್ಲಿಷ್ ಇದೆ. ಆದರೆ ಟಾರ್ಚನ್ನು ಕೈಗೆತ್ತಿಕೊಂಡರೆ ಬೇರೆಯೇ ಮಾತು. ದಪ್ಪ ಲೋಹ, ಒರಟಿಲ್ಲದ ತಿರುಪು, ಮುಚ್ಚಳಕ್ಕೆ ಒಂದರ ಮೇಲೊಂದು ಎರಡು ರಬ್ಬರ್ ರಿಂಗು. ಸ್ವಿಚ್ಚು ಅಯಸ್ಕಾಂತದ್ದು, ಅದಕ್ಕಾಗಿ ಎಲ್ಲೂ ತೂತು ಕೊರೆದಿಲ್ಲ, ನೀರು ನುಗ್ಗಲು ದಾರಿಯೇ ಇಲ್ಲ. ಸುಳ್ಳು ಹೇಳುವ ಪೆಟ್ಟಿಗೆಯೊಳಗೆ ಒಳ್ಳೆಯ ವಸ್ತು ಇರಬಾರದೆಂದೇನಿಲ್ಲವಲ್ಲ.

ಅಳೆಯದೆ ಹೂಂ ಅನ್ನುವುದಿಲ್ಲ. ಸರಿ ಅನ್ನಿಸದಿದ್ದದ್ದು ಏನು ಎಂದು ಬಿಡಿಸಿ ಬರೆ.

ನಿನ್ನ,
ಅಕ್ಕ


ಫೆಬ್ರವರಿ 22

ಅಕ್ಕಾ,

ನಿಂದು ಮನೆಯೋ ಗೋಡೌನೋ? ಕಾಲಿಟ್ಟ ಕಡೆ ಸ್ಟೂಲು, ಇಲ್ಲಾಂದ್ರೆ ಪುಸ್ತಕದ ರಾಶಿ. ನಾನು ಎಡವಿದ್ದೇ ತಪ್ಪಾಯ್ತಾ? ಒಬ್ಬಳೇ ಇದ್ದೂ ಇದ್ದೂ ನಿನಗೆ ಎಲ್ಲರಲ್ಲೂ ರೋಗ ಕಾಣುತ್ತೆ.

ನನ್ನ ಕಣ್ಣಿನ ಚಿಂತೆ ಬಿಡು. ಬಂದರಲ್ಲಿ ವರ್ಷಾವರ್ಷ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಬೋರ್ಡು ಓದಿಸ್ತಾರೆ. ಈ ಸಲನೂ ಕೊನೇ ಸಾಲಿನ ಸಾಸಿವೆಯಂಥ ಅಕ್ಷರದ ತನಕ ಗಡಗಡ ಓದಿದೆ. ನನ್ನ ಜೊತೆ ಮುಳುಗ್ತಾನಲ್ಲ ಒಂಟೆ, ಅದೇ ಉದ್ದ ಕುತ್ತಿಗೆಯೋನು, ಅವನು ಅರ್ಧಕ್ಕೇ ತಡವರಿಸಿದ. "ಕುತ್ತಿಗೆ ಇನ್ನೂ ಸ್ವಲ್ಪ ಚಾಚಪ್ಪ, ಬೋರ್ಡಿಗೆ ಮೂಗು ತಾಗುತ್ತೆ" ಅಂದೆ. ಡಾಕ್ಟರೂ ನಕ್ಕುಬಿಟ್ರು.

ಟಾರ್ಚಿನ ತಕರಾರು ಏನಂದ್ರೆ, ಬೆಳಕು ಹರಡಲ್ಲ. ಹಡಗಿನ ತಳಕ್ಕೆ ಅಂಟಿದ ಚಿಪ್ಪು ಕೆರೆಯೋ ಕೆಲಸ ನಮ್ಮದು, ಅಗಲಕ್ಕೆ ಕಾಣಬೇಕು. ಇದರಲ್ಲಿ ಎದುರಿಗೆ ಒಂದು ಊಟದ ತಟ್ಟೆಯಷ್ಟು ಜಾಗ ಚೆನ್ನಾಗಿ ಕಾಣುತ್ತೆ, ಅದರಾಚೆ ಕಗ್ಗತ್ತಲೆ. ಪೈಪಿನೊಳಗಿಂದ ನೋಡಿದ ಹಾಗೆ. ಇದರ ಹಿಂದಿನ ಟಾರ್ಚೂ ಹೀಗೇ, ಅದು ಅಂಗಡಿಯ ದುಬಾರಿದು. ಅದರ ಹಿಂದಿಂದೂ ಹೀಗೇ. ಟಾರ್ಚು ಮಾಡೋರೆಲ್ಲ ಕಳ್ಳರಾಗಿದ್ದಾರೆ ಈಗ.

ಮರಿಬಾತು ಅತ್ತೆಯನ್ನ ಕೇಳ್ತಾಳೆ. ಶಾಲೆಗೆ ಹೋಗೋಕೆ ಮುಂಚೆ ದಿನಾ ಒಂದು ಜಗಳ, ಬಂದ ಮೇಲೆ ಇನ್ನೊಂದು.

ನಿನ್ನ ತಮ್ಮ


ಮಾರ್ಚ್ 16

ಪ್ರೀತಿಯ ಬಾತು,

ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಹಾಳೆಗೆ ನಾಲ್ಕೈದೇ ಸಾಲು. ಇದನ್ನು ನೀನೇ ಓದಬೇಕು, ಮನೆಯಲ್ಲಿ ಯಾರಿಂದಲೂ ಓದಿಸಿಕೊಳ್ಳಬಾರದು ಎಂದು.

ನಿನ್ನ ಟಾರ್ಚನ್ನು ಅಳೆದೆ. ನಮ್ಮಲ್ಲಿ ಒಳಗೆಲ್ಲ ಬಿಳಿ ಬಳಿದ ದೊಡ್ಡ ಗೋಳವಿದೆ. ದೀಪವನ್ನು ಅದರೊಳಗಿಟ್ಟು ಮುಚ್ಚಿದರೆ ಒಟ್ಟು ಬೆಳಕೆಷ್ಟು ಎಂದು ತಿಳಿಯುತ್ತದೆ. ಹತ್ತು ಸಾವಿರ ಎಂದದ್ದು ಒಂಬೈನೂರನ್ನೂ ಮುಟ್ಟಲಿಲ್ಲ. ಇದು ನಿರೀಕ್ಷಿಸಿದ್ದೇ. ನಿಮ್ಮ ಕೆಲಸಕ್ಕೆ ಅಷ್ಟೇ ಸಾಕು ಕೂಡ. ನೀರಿನ ತೊಟ್ಟಿಯಲ್ಲಿ ಒತ್ತಡ ಹಾಕಿ ಇಟ್ಟೆ, ಒಂದು ಹನಿಯೂ ಒಳಗೆ ಹೋಗಲಿಲ್ಲ. ಬ್ಯಾಟರಿ ಬಿಸಿಯಾಗಲಿಲ್ಲ, ಬೆಳಕು ನಡುವೆ ಕುಂದಲಿಲ್ಲ.

ಕೊನೆಗೆ ಹರಡುವಿಕೆ. ಟಾರ್ಚನ್ನು ಸ್ಟ್ಯಾಂಡಿಗೆ ಬಿಗಿದು ಮೀಟರನ್ನು ಅದರ ಸುತ್ತ ಸರಿಸುತ್ತಾ ಹೋದೆ. ಇದು ಕೆಟ್ಟದ್ದಾಗಿರಲಿ ಎಂದು ಬಯಸಿ ನಾನು ಅಳೆದ ಮೊದಲ ದೀಪ ಇದು. ಮೀಟರು ಸರಿದಷ್ಟು ದೂರವೂ ಬೆಳಕಿತ್ತು. ನನ್ನ ಮೇಲೇ ನಂಬಿಕೆಯಿಲ್ಲದೆ ಪಕ್ಕದ ಮೇಜಿನವಳ ಕೈಯಲ್ಲಿ ಮತ್ತೊಮ್ಮೆ ಅಳೆಸಿದೆ. ತೊಟ್ಟಿಯ ನೀರಿಗೆ ಮಣ್ಣು ಕದಡಿಯೂ ನೋಡಿದೆ. ಟಾರ್ಚನ್ನು ಎದೆಯ ಹತ್ತಿರ ಹಿಡಿದು ಎರಡೂ ಕೈಗಳನ್ನು ಮುಂದಕ್ಕೆ ಅಗಲವಾಗಿ ಚಾಚಿದರೆ ಎರಡು ಅಂಗೈಯೂ ಬೆಳಗುತ್ತವೆ. ಕೊಳ್ಳಬಹುದೇ ಎಂದು ಕೇಳಿದ್ದೆಯಲ್ಲ, ಈ ಬೆಲೆಗೆ ಕಣ್ಣು ಮುಚ್ಚಿ ಕೊಳ್ಳಬಹುದು. ಗ್ಯಾಂಗಿಗೆಲ್ಲ ಹೇಳು. ನಿನ್ನ ಟಾರ್ಚನ್ನು ಬೇರೆ ಪಾರ್ಸೆಲ್‌ನಲ್ಲಿ ಹಿಂದಕ್ಕೆ ಕಳಿಸಿದ್ದೇನೆ.

ಆದರೆ ನಿನಗೆ ತಟ್ಟೆಯಷ್ಟೇ ಕಂಡಿತು.

ಅಪ್ಪ ಕೊನೆಯವರೆಗೂ ಕನ್ನಡಕವಿಲ್ಲದೆ ಪೇಪರು ಓದಿದರು. ಸಂಜೆಯಾದರೆ ಮಾತ್ರ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತಿದ್ದರು. ಓದಬಲ್ಲವರ ಕಣ್ಣು ಕೆಟ್ಟಿದೆ ಎಂದು ಯಾರಿಗೆ ಹೊಳೆಯುತ್ತದೆ? ಗಡಿಬಿಡಿ ಮನುಷ್ಯ ಎಂದುಕೊಂಡೆವು, ಅಮ್ಮನೂ ಹಾಗೇ ಬೈದಳು. ಬೋರ್ಡು ಓದುವುದು ಬೇರೆ, ಪಕ್ಕದ್ದು ಕಾಣುವುದು ಬೇರೆ. ಅದಕ್ಕೆ ಬೇರೆಯ ಪರೀಕ್ಷೆಯಿದೆ: ಬಟ್ಟಲಿನಂಥದ್ದರೊಳಗೆ ನೋಡುತ್ತಾ ಕೂರುವುದು, ಬದಿಯಲ್ಲಿ ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತುವುದು. ಒಮ್ಮೆ ಮಾಡಿಸಿಕೋ. ನಾನು ಹೇಳಿದ್ದು ತಪ್ಪಾಗಲಿ, ಆಮೇಲೆ ಜೀವನಪೂರ್ತಿ ನನ್ನನ್ನು ಆಡಿಕೊಂಡು ನಗು.

ನಿನ್ನ,
ಅಕ್ಕ


ಮಾರ್ಚ್ 30

ಅಕ್ಕಾ,

ಇನ್ನು ಮೇಲೆ ದೊಡ್ಡದಾಗಿ ಬರೀಬೇಡ. ಮುಂಚಿನ ಹಾಗೆ ಸಣ್ಣದಾಗೇ ಬರಿ. ದೊಡ್ಡ ಅಕ್ಷರ ಒಂದೇ ಸಲಕ್ಕೆ ಕಣ್ಣಿಗೆ ಸಿಗಲ್ಲ. ತಲೆ ಆಚೆ ಈಚೆ ತಿರುಗಿಸ್ತಾ, ಬೆರಳಿಟ್ಟು, ಒಂದೊಂದನ್ನೇ ಹುಡುಕಿ ಜೋಡಿಸಿದೆ. ನಿನ್ನ ಕಾಗದ ಓದೋಕೆ ಒಂದು ಮಧ್ಯಾಹ್ನ ಪೂರ್ತಿ ಹೋಯ್ತು. ಸಣ್ಣದಾದ್ರೆ ಒಂದು ನೋಟಕ್ಕೆ ಅರ್ಧ ಸಾಲಾದರೂ ಸಿಗುತ್ತೆ.

ಇಷ್ಟು ಹೇಳಿದ ಮೇಲೆ ನಿನಗೆ ಇನ್ನೇನು ಹೇಳೋದಿದೆ.

ಆ ಬಟ್ಟಲಿನ ಮುಂದೆ ನಾನು ಹೋದ ವರ್ಷವೇ ಕೂತಾಯ್ತು. ಇಲ್ಲಿ ಅಲ್ಲ, ಯಾರ ಪರಿಚಯವೂ ಇಲ್ಲದ ಬೇರೆ ಊರಲ್ಲಿ. ಚುಕ್ಕಿ ಕಂಡಾಗ ಒತ್ತಿ ಅಂದ್ರು. ಗುಂಡಿ ಹಿಡಿದು ಕಾದೆ, ಕಾದೆ. "ಮೆಷಿನ್ ಶುರು ಮಾಡಿ ಡಾಕ್ಟ್ರೇ" ಅಂದೆ. "ಶುರುವಾಗಿ ಬಹಳ ಹೊತ್ತಾಯ್ತಲ್ಲಪ್ಪಾ" ಅಂದ್ರು. ಔಷಧಿ ಇಲ್ವಂತೆ. ಇರೋದು ಎಷ್ಟು ದಿನ ಇರುತ್ತೋ ಅದನ್ನೂ ಹೇಳೋಕಾಗಲ್ವಂತೆ.

ಮತ್ಯಾಕೆ ಟಾರ್ಚನ್ನ ಬೈತಿದ್ದೆ ಅಂತ ಕೇಳಬೇಡ. ಗೊತ್ತಿದ್ರೂ, ಹೊಸದೊಂದನ್ನ ಮೊದಲ ಸಲ ಹಚ್ಚುವಾಗ, ಇದು ಹರಡಬಹುದು ಅಂತ ಅನ್ನಿಸುತ್ತೆ. ಪ್ರತೀ ಸಲ ಅನ್ನಿಸುತ್ತೆ.

ನೀನು ಹೂಂ ಅಂದದ್ದಕ್ಕೆ ಗ್ಯಾಂಗೆಲ್ಲ ತರಿಸಿಕೊಂಡ್ರು. ಹಗಲಿನ ಹಾಗಿದೆ ಅಂತಾರೆ. ನಾನೂ ಹಗಲಿನ ಹಾಗಿದೆ ಅಂದೆ.

ಅಕ್ಕಾ, ನೀರೊಳಗೆ ಎಲ್ಲರೂ ನನ್ನ ಹಾಗೇ. ಬಂದರಿನ ನೀರು ಅಂದ್ರೆ ರಾಡಿ. ಯಾರ ಟಾರ್ಚೂ ಕೈಯಳತೆ ದಾಟಲ್ಲ. ಎಲ್ಲರೂ ತಡವಿ ತಡವಿ ಕೆಲಸ ಮಾಡೋರೇ, ಅದರಲ್ಲಿ ನನ್ನ ಕೈಯೇ ಚುರುಕು. ನಾನು ಎಡವೋದು ದಡದ ಮೇಲೆ ಮಾತ್ರ. ಅದಕ್ಕೆ ದಡ ಬಿಡು ಅನ್ನು, ನೀರು ಬಿಡು ಅನ್ನಬೇಡ.

ಇವಳಿಗೆ ಗೊತ್ತಿಲ್ಲ. ಹೇಳಬೇಡ.

ನಿನ್ನ ತಮ್ಮ


ಮೇ 18

ಅತ್ತಿಗೆಗೆ ನಮಸ್ಕಾರ.

ಏಪ್ರಿಲ್‌ನಲ್ಲಿ ನೀವು ಕಾಗದ ಹಾಕಲಿಲ್ಲ, ಇವರೂ ಹಾಕಲಿಲ್ಲ. ಅಕ್ಕ ತಮ್ಮ ಏನಾದರೂ ಮುನಿಸಿಕೊಂಡಿದ್ದೀರಾ ಅಂತ ಕೇಳಿದ್ರೆ ಇವರು ಬಾಯಿ ಬಿಡಲ್ಲ. ಈಗ ಬರೆಯಲೇಬೇಕಾದ ಹಾಗಾಗಿದೆ.

ಹೋದ ವಾರ ಇವರೂ ಒಂಟೆಯಣ್ಣನೂ ಹಡಗಿನಡಿಗೆ ಇಳಿದಿದ್ರು. ಇವರ ಕೈಯಲ್ಲಿ ಚಿಪ್ಪು ಉಜ್ಜೋ ಮೆಷಿನ್ ಇತ್ತು. ಒಂಟೆಯಣ್ಣ ಪಕ್ಕಕ್ಕೆ ಬಂದು ತಳಕ್ಕೆ ಕೈಯೂರಿದ್ದು ಇವರಿಗೆ ಕಾಣಲೇ ಇಲ್ವಂತೆ. ಮೆಷಿನ್ನು ಕೈ ಮೇಲೇ ಹತ್ತಿತು. ಮೂಳೆ ಪುಡಿಯಾಗಿದೆ, ಇನ್ನು ಆ ಕೈ ಮುಷ್ಟಿ ಕಟ್ಟಲ್ಲ ಅಂತ ಹೇಳಿದ್ದಾರೆ. ಆದರೂ ಆ ಪುಣ್ಯಾತ್ಮ ಆಸ್ಪತ್ರೆ ಮಂಚದಲ್ಲಿ ಮಲಗಿಕೊಂಡೇ "ಟಾರ್ಚಿಂದೇ ತಪ್ಪು, ಅವನದ್ದಲ್ಲ" ಅಂತ ಎಲ್ಲರಿಗೂ ಹೇಳಿದ್ರು. ಇವರೂ ಎಲ್ಲರ ಟಾರ್ಚೂ ಚೆನ್ನಾಗಿದೆ, ನನ್ನದು ಮಾತ್ರ ಕೆಟ್ಟ ಪೀಸು ಅಂದಿದ್ದಾರೆ.

ಇವರ ಗ್ಯಾಂಗಿನ ಮೇಸ್ತ್ರಿ ಮನೆಗೇ ಬಂದಿದ್ರು. "ನಿಮ್ಮಕ್ಕ ಲ್ಯಾಬಲ್ಲಿದ್ದಾರಲ್ಲ, ಅಲ್ಲಿಂದ ಸೀಲ್ ಹಾಕಿದ ಕಾಗದ ನನ್ನ ಹೆಸರಿಗೆ ಕಳಿಸೋಕೆ ಹೇಳು. ಟಾರ್ಚು ಕೆಟ್ಟಿದ್ರೆ ಮಾತು ಅಲ್ಲಿಗೇ ಮುಗೀತು, ಮಾರನೇ ದಿನವೇ ನೀರಿಗಿಳಿ. ಕೆಟ್ಟಿಲ್ಲಾಂದ್ರೆ ನಿನ್ನನ್ನ ನೋಡಬೇಕಾಗುತ್ತೆ" ಅಂದ್ರು. ಟಾರ್ಚು ಇದರ ಜೊತೆ ಇಟ್ಟಿದ್ದೀನಿ. ನೀವೇ ನೋಡಿ ಬೇಗ ಬರೆದುಕೊಡಿ ಅತ್ತಿಗೆ. ಅಗ್ಗಕ್ಕೆ ಆಸೆಪಟ್ಟದ್ದಕ್ಕೆ ಹೀಗಾಯ್ತು ಅಂತ ನಾನಂತೂ ಇವರಿಗೆ ಬೈದೆ. ಬೈದರೆ ಬೈಸಿಕೊಂಡು ಸುಮ್ಮನಿದ್ರು. ಅದೇ ನನಗೆ ಭಯ.

ನಿಮ್ಮ ಮರಿಬಾತು ಚೆನ್ನಾಗಿದ್ದಾಳೆ. ಗಡಿಬಿಡಿಯಲ್ಲಿ ಥೇಟ್ ಅಪ್ಪ. ಕರೆಂಟು ಹೋದ್ರೆ ಸಾಕು, ತನ್ನ ಮನೆ ಬಾಗಿಲು ಎಲ್ಲಿದೆ ಅಂತ ತನಗೇ ಗೊತ್ತಾಗದೆ ಗೋಡೆ ಸವರ್ತಾ ನಿಲ್ತಾಳೆ. ನಾವೆಲ್ಲ ನಗ್ತೀವಿ, ಅವಳೂ ನಗ್ತಾಳೆ.

ಇಂತಿ,
ಮರಿಬಾತಿನ ಅಮ್ಮ


ಮೇ 31

ಅಕ್ಕಾ,

ಟಾರ್ಚು ತಲುಪಿ ಇಷ್ಟು ದಿನವಾಯ್ತು. ನೀನು ಬರೆಯದೇ ಇರೋದಕ್ಕೆ ಕಾರಣ ನನಗೆ ಗೊತ್ತು. ಅದು ಕೆಟ್ಟಿಲ್ಲ.

ಒಂಟೆ ಆಸ್ಪತ್ರೆಯಿಂದ ನೆಟ್ಟಗೆ ನಮ್ಮ ಮನೆಗೇ ಬಂದ. ಕಟ್ಟು ಹಾಕಿದ ಕೈಯನ್ನ ಮಗು ಮಲಗಿಸಿದ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತ. ಇವಳು ಚಹಾ ತರೋಕೆ ಒಳಗೆ ಹೋದಾಗ, "ಪಕ್ಕಕ್ಕೆ ಬರುವಾಗ ಹೆಗಲು ತಟ್ಟಬೇಕಿತ್ತು ಕಣೋ, ಅವತ್ತು ಮರೆತೆ" ಅಂದ. ಅಕ್ಕಾ, ಅವನು ಯಾವಾಗಲೂ ನನ್ನ ಹೆಗಲು ತಟ್ಟಿಯೇ ಪಕ್ಕಕ್ಕೆ ಬರೋನು. ಅದು ಅವನ ಅಭ್ಯಾಸ ಅಂದುಕೊಂಡಿದ್ದೆ. ಬೇರೆ ಯಾರ ಹೆಗಲನ್ನೂ ಅವನು ತಟ್ಟಲ್ಲ ಅಂತ ಅವತ್ತು ಹೊಳೀತು. ಅಷ್ಟರಲ್ಲಿ ಇವಳು ಚಹಾ ತಂದಳು. "ಒಂದೇ ಕೈಯಲ್ಲಿ ಬಿಸ್ಕತ್ತೂ ಚಹಾನೂ ಹ್ಯಾಗಪ್ಪ ಹಿಡಿಯೋದು" ಅಂತ ಇವಳನ್ನ ನಗಿಸಿ ಹೋದ.

ನೀನು ಸುಳ್ಳು ಬರೆಯೋಳಲ್ಲ, ಬರಿ ಅಂತ ಕೇಳೋದೂ ಇಲ್ಲ. ಪೆಟ್ಟಿಗೆ ಮೇಲೆ ಎಷ್ಟಿದೆ, ಇದು ನಿಜವಾಗಿ ಎಷ್ಟು ಕೊಡುತ್ತೆ, ಅಷ್ಟು ಬರಿ. ಹತ್ತರಲ್ಲಿ ಒಂದು ಪಾಲೂ ಇಲ್ಲ ಅಂತ ನೀನೇ ಹೇಳಿದ್ದೆ. ಅಷ್ಟು ಓದಿದ್ರೆ ಮೇಸ್ತ್ರಿಗೆ ಸಾಕು. ಹರಡೋ ವಿಷಯ ಎತ್ತಬೇಡ. ಇಲ್ಲದ್ದನ್ನ ಸೇರಿಸು ಅಂತಿಲ್ಲ, ಇರೋದರಲ್ಲಿ ಒಂದನ್ನ ಬಿಡು ಅಂತಿದ್ದೀನಿ.

ನೀರು ಹೋದ್ರೆ ನಾನು ಬರೀ ಎಡವೋ ಮನುಷ್ಯ ಅಕ್ಕಾ. ಅಪ್ಪನ್ನ ನೋಡಿದ್ದೀಯಲ್ಲ.

ನಿನ್ನ ತಮ್ಮ


ಜೂನ್ 13

ಪ್ರೀತಿಯ ಬಾತು,

ಟಾರ್ಚನ್ನು ಮತ್ತೆ ಅಳೆದೆ, ಏನೂ ಬದಲಾಗಿಲ್ಲ. ನೀನು ಕೇಳಿದ ಹಾಗೇ ಬರೆದು ನೋಡಿದೆ. ಪೆಟ್ಟಿಗೆಯ ಮೇಲಿನ ಸಂಖ್ಯೆ, ನಾವು ಅಳೆದ ಸಂಖ್ಯೆ, ಅಷ್ಟೇ. ಓದಿದರೆ ಒಂದಕ್ಷರವೂ ಸುಳ್ಳಲ್ಲ. ನಮ್ಮಲ್ಲಿ ಇಂಥ ವರದಿಗಳು ಎಷ್ಟೋ ಹೋಗುತ್ತವೆ. ಕೇಳಿದ್ದಕ್ಕೆ ಉತ್ತರ ಕೊಡುತ್ತೇವೆ, ಕೇಳದ್ದು ನಮ್ಮ ಕೆಲಸವಲ್ಲ. ನಾಲ್ಕು ದಿನ ಆ ಹಾಳೆ ನನ್ನ ಚೀಲದಲ್ಲಿತ್ತು. ಬಸ್ಸಿನಲ್ಲಿ ತೆಗೆದು ಓದುತ್ತಿದ್ದೆ, ಮಡಚಿ ಇಡುತ್ತಿದ್ದೆ. ಮೇಸ್ತ್ರಿ ಅದನ್ನು ಓದುತ್ತಾನೆ, ಟಾರ್ಚನ್ನು ಬೈಯುತ್ತಾನೆ, ನಿನ್ನನ್ನು ನೀರಿಗಿಳಿಸುತ್ತಾನೆ. ಒಂಟೆಯ ಜಾಗಕ್ಕೆ ಬೇರೆ ಯಾರನ್ನೋ ಜೊತೆಗೆ ಕೊಡುತ್ತಾನೆ. ಹೆಗಲು ತಟ್ಟಿ ಪಕ್ಕಕ್ಕೆ ಬರಬೇಕೆಂದು ಅವನಿಗೆ ಯಾರು ಹೇಳುತ್ತಾರೆ? ನೀನು ಹೇಳುತ್ತೀಯಾ? ಇಲ್ಲಿಗೆ ಬಂದಾಗಲೆಲ್ಲ ನನ್ನ ಯೋಚನೆ ನಿಲ್ಲುತ್ತಿತ್ತು.

ಆ ಹಾಳೆಯನ್ನು ಹರಿದು ಹಾಕಿದೆ. ಹೊಸದರಲ್ಲಿ ಎಲ್ಲವೂ ಇದೆ. ಪೆಟ್ಟಿಗೆಯ ಸಂಖ್ಯೆ ಸುಳ್ಳು, ಆದರೆ ಟಾರ್ಚು ಕೆಟ್ಟಿಲ್ಲ, ನೀರು ಹೊಕ್ಕಿಲ್ಲ, ಬೆಳಕು ಅಗಲಕ್ಕೆ ಹರಡುತ್ತದೆ, ಬೆಲೆಗೆ ತಕ್ಕದ್ದಕ್ಕಿಂತ ಒಳ್ಳೆಯದೇ. ನಿನ್ನ ಕಣ್ಣಿನ ಬಗ್ಗೆ ಒಂದು ಮಾತೂ ಇಲ್ಲ. ಅದು ದಯೆಯಲ್ಲ ಎಂದು ನನಗೂ ಗೊತ್ತು. ಉಳಿದದ್ದನ್ನು ಊಹಿಸಲಾರದಷ್ಟು ದಡ್ಡನಲ್ಲ ನಿಮ್ಮ ಮೇಸ್ತ್ರಿ.

ವರದಿಯನ್ನು ನಿನ್ನ ಕೈಗೇ ಕಳಿಸಿ, ಕೊಡುವುದೂ ಬಿಡುವುದೂ ನಿನಗೆ ಬಿಟ್ಟದ್ದು ಎನ್ನಬಹುದಿತ್ತು. ಅದು ನಾನು ಕೈ ತೊಳೆದುಕೊಂಡ ಹಾಗೆ. ನೀನು ಅದನ್ನು ಹರಿಯುತ್ತಿದ್ದೆ, ನಾನು ಹರಿಯಲೆಂದೇ ಕಳಿಸಿರುತ್ತಿದ್ದೆ.

ಇನ್ನೊಂದಿದೆ. ನಾನೂ ಆ ಬಟ್ಟಲಿನ ಮುಂದೆ ಕೂತು ಬಂದೆ. ಚುಕ್ಕಿಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು, ಒತ್ತುವುದಕ್ಕೆ ಪುರುಸೊತ್ತಿಲ್ಲದಷ್ಟು. ನನಗೆ ಏನೂ ಇಲ್ಲವಂತೆ. "ಒಂದೇ ತಾಯಿಯ ಮಕ್ಕಳಾದರೂ ಒಬ್ಬರಿಗೆ ಬರುತ್ತೆ, ಇನ್ನೊಬ್ಬರಿಗೆ ಬರಲ್ಲಮ್ಮ" ಎಂದರು ಡಾಕ್ಟರು. ಸಂತೋಷವಾಯಿತೇ ಎಂದು ಕೇಳಿದರೆ, ಆಯಿತು. ಅದನ್ನು ನಿನ್ನಿಂದ ಮುಚ್ಚಿಡಲಾರೆ.

ಮಕ್ಕಳಿಗೆ ಬರುತ್ತದೆಯೇ ಎಂದೂ ಕೇಳಿದೆ. ಬರಬಹುದು ಎಂದರು. ಕರೆಂಟು ಹೋದಾಗ ಮರಿಬಾತು ಗೋಡೆ ಸವರುತ್ತಾಳೆಂದು ನಿನ್ನ ಹೆಂಡತಿ ಬರೆದಿದ್ದಾಳೆ. ತಮಾಷೆಗೆ ಬರೆದದ್ದು. ನೀನು ಇದನ್ನು ನೋಡಿಲ್ಲ ಎಂದು ನಾನು ನಂಬುವುದಿಲ್ಲ. ನಮ್ಮಿಬ್ಬರಲ್ಲಿ ಗೋಡೆ ಸವರುವ ಸದ್ದು ಚೆನ್ನಾಗಿ ಗೊತ್ತಿರುವವನು ನೀನೇ. ಅವಳನ್ನು ಕರೆದುಕೊಂಡು ಹೋಗು. ಅವಳ ಅಮ್ಮನಿಗೆ ಹೇಳಿ, ಮೂವರೂ ಹೋಗಿ. ಔಷಧಿಯೇ ಇಲ್ಲದ ಮೇಲೆ ತಿಳಿದುಕೊಂಡು ಮಾಡುವುದೇನು ಎಂದು ನೀನು ಕೇಳುತ್ತೀಯ. ನಾನೂ ಕೇಳಿಕೊಂಡೆ. ಅವಳನ್ನು ನೋಡಿ ನಗುವುದಾದರೂ ನಿಲ್ಲುತ್ತದೆ ಎಂದಷ್ಟೇ ತೋಚಿತು.

ನಿನಗೆ ಬೇರೆ ಕೆಲಸ ಸಿಗುತ್ತದೆ, ಎಲ್ಲ ಸರಿಹೋಗುತ್ತದೆ ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ನೀರಿನ ಬದಲಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ. ನೀನು ಇನ್ನು ಕಾಗದ ಬರೆಯದಿದ್ದರೆ ನಾನು ಕಾರಣ ಕೇಳುವುದಿಲ್ಲ.

ವರದಿಗೆ ನಮ್ಮ ಮುಖ್ಯಸ್ಥರ ಸಹಿ ಬೀಳಬೇಕು. ಅವರು ಊರಿನಲ್ಲಿಲ್ಲ, ಸೋಮವಾರ ಬರುತ್ತಾರೆ. ಇವತ್ತೇ ನಿನಗೆ ಬರೆದ ಈ ಕಾಗದವನ್ನಷ್ಟೇ ಹಾಕಿದರೆ ನೀನು ಫೋನ್ ಮಾಡುತ್ತೀಯ, ಈ ಸಲ ಅದನ್ನು ಯಾರ ಕೈಗೂ ದಾಟಿಸುವುದಿಲ್ಲ, ನಾನು ಸೋಲುತ್ತೇನೆ. ವರದಿಯನ್ನಷ್ಟೇ ಹಾಕಿದರೆ ವಿಷಯ ನಿನಗೆ ಮೇಸ್ತ್ರಿಯ ಬಾಯಿಂದ ತಿಳಿಯುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೇ, ವರದಿ ಮೇಸ್ತ್ರಿಯ ಹೆಸರಿಗೆ, ಕಾಗದ ನಿನ್ನ ಹೆಸರಿಗೆ, ಜೂನ್ ಹದಿನಾರು, ಸೋಮವಾರ, ಅಂಚೆಗೆ ಹಾಕುತ್ತೇನೆ.

ಅಕ್ಕ